ಇಲ್ಲದ ಫೈಲಿನಿಂದ ಬಂದ ತಪ್ಪು

ಮಧ್ಯಾಹ್ನ ಮೂರಕ್ಕೇ ಮೋಡ ಕವಿದು ಮಳೆ ಶುರುವಾಗಿತ್ತು. ಕರೆಂಟು ಹೋಗಿ ಆಫೀಸಿನ ಕಂಪ್ಯೂಟರುಗಳೆಲ್ಲ ಆರಿದ್ದವು. ಹೊಸದಾಗಿ ಕೆಲಸಕ್ಕೆ ಸೇರಿದ್ದ ನಾವು ನಾಲ್ವರು ಟೀ ಲೋಟ ಹಿಡಿದು ದೊಡ್ಡಮ್ಮನ ಮೇಜಿನ ಸುತ್ತ ಕುರ್ಚಿ ಎಳೆದುಕೊಂಡೆವು. ಈ ದೊಡ್ಡಮ್ಮ ನಮಗ್ಯಾರಿಗೂ ನೆಂಟರಲ್ಲ. ಆಫೀಸಿನ ಅತಿ ಹಳೆಯ ಪ್ರೋಗ್ರಾಮರು, ನಿವೃತ್ತಿಯಾದ ಮೇಲೂ ವಾರಕ್ಕೆರಡು ಸಲ ಬಂದು ನಮ್ಮ ಕಿವಿ ಹಿಂಡಿ ಹೋಗುವವರು. ನಾನು ಸುಮ್ಮನಿರಲಾರದೆ, "ದೊಡ್ಡಮ್ಮ, ಪ್ರೋಗ್ರಾಮಿನ ತಪ್ಪುಗಳು ದಾಖಲಾಗೋ ಎರರ್ ಲಾಗಿನಲ್ಲಿ ಒಂದೊಂದು ತಪ್ಪಿಗೂ ನಲವತ್ತು ಸಾಲು ಯಾಕೆ? ಒಂದು ಸಾಲು ಸಾಲ್ದಾ?" ಎಂದೆ. ಅವರು ಲೋಟ ಕೆಳಗಿಟ್ಟರು.

"ಒಂದು ಸಾಲಾ? ಕೂತ್ಕೊ ಮರಿ, ಹೇಳ್ತೀನಿ... ಆಗ ನನಗೆ ನಿಮ್ಮಷ್ಟೇ ವಯಸ್ಸು, ಜಂಬ ಮಾತ್ರ ನಿಮಗಿಂತ ಒಂದು ಕೈ ಮೇಲು. ಕಣ್ಣಾಸ್ಪತ್ರೆಯೊಂದಕ್ಕೆ ಆಪರೇಷನ್ ದಿನ ಗೊತ್ತು ಮಾಡೋ ವೆಬ್‌ಸೈಟು ನಮ್ಮದು. ಅದನ್ನ ಮೊದಲು ಬರೆದವರು ಮೇಷ್ಟ್ರು. ಪಾಠ ಹೇಳೋ ಮೇಷ್ಟ್ರಲ್ಲ, ಎಲ್ಲರ ಕೆಲಸಕ್ಕೂ ಕೆಂಪು ಗೀಟು ಹಾಕೋರು, ಅದಕ್ಕೇ ಆ ಹೆಸರು. ಅವರು ತೀರ್ಕೊಂಡ ಮೇಲೆ ಅವರ ಫೈಲು ಅಳಿಸಿಹಾಕಿ ನಾನೇ ಎಲ್ಲಾ ಹೊಸದಾಗಿ ಬರೆದೆ. ಏನೇ ಎಡವಟ್ಟಾದ್ರೂ 'ಏನೋ ತಪ್ಪಾಗಿದೆ' ಅಂತ ಒಂದೇ ಸಾಲು ಲಾಗಿಗೆ ಹೋಗೋ ಹಾಗೆ ಮಾಡಿದ್ದೆ. ಯಾಕೆ? ಸೋಮಾರಿತನ, ಇನ್ನೇನು!

ಆಮೇಲೆ ಶುರುವಾಯ್ತು ನೋಡಿ... ದಿನಕ್ಕೆ ಇಬ್ಬರಿಗೋ ಮೂವರಿಗೋ ಆಪರೇಷನ್ ದಿನವೇ ಸಿಗಲ್ಲ. ಲಾಗ್ ತೆಗೆದ್ರೆ ಅದೇ ಸಾಲು, 'ಏನೋ ತಪ್ಪಾಗಿದೆ'. ಏನು? ಎಲ್ಲಿ? ಕಳ್ಳ ಬಂದಿದ್ದ ಅಂತಾನೆ ಕಾವಲುಗಾರ, ಯಾವ ಬಾಗಿಲಿಂದ ಅಂದ್ರೆ ಬಾಯಿ ಬಿಡಲ್ಲ!"

ನಾವು ನಕ್ಕೆವು.

"ನಗಿ ನಗಿ. ಸಾಹೇಬ್ರು ನಗಲಿಲ್ಲ. 'ಶುಕ್ರವಾರದೊಳಗೆ ಇದು ನಿಲ್ಲಬೇಕು, ಇಲ್ಲಾಂದ್ರೆ ನೀನು ಮನೇಲೇ ಇದ್ಬಿಡು' ಅಂದ್ರು. ಪಕ್ಕದ ಮೇಜಿನವಳು ಕಿವೀಲಿ ಉಸುರಿದ್ಲು, 'ತಪ್ಪು ಬಂದ್ರೂ ಮುಂದಕ್ಕೆ ಬಿಟ್ಬಿಡೇ, ಯಾರಿಗೆ ಗೊತ್ತಾಗುತ್ತೆ?' ಸುಳ್ಳು ಯಾಕೆ ಹೇಳ್ಲಿ, ಅರ್ಧ ಮಾಡೇಬಿಟ್ಟಿದ್ದೆ. ಮನಸ್ಸು ಒಪ್ಪಲಿಲ್ಲ. ತಪ್ಪು ಎಲ್ಲಿ ಹುಟ್ಟಿತು, ಯಾವ ಯಾವ ಫೈಲಿನ ಎಷ್ಟನೇ ಸಾಲು ಹಾದು ಬಂತು, ಆ ಜಾಡೆಲ್ಲ, ಸ್ಟ್ಯಾಕ್ ಟ್ರೇಸ್ ಅಂತೀವಲ್ಲ, ಪೂರ್ತಿ ಲಾಗಿಗೆ ಬರ್ಲಿ ಅಂತ ಸೇರಿಸ್ದೆ.

ಗುರುವಾರ ಊಟ ಮುಗಿಸಿ ಬರೋಷ್ಟರಲ್ಲಿ ತಪ್ಪು ಬಂದು ಕೂತಿತ್ತು. ಓದ್ತಾ ಹೋದೆ... ನನ್ನ ಫೈಲು, ಇದೂ ನನ್ನದೇ, ಇದೂ... ಹುಟ್ಟಿದ ಜಾಗಕ್ಕೆ ಬಂದ್ರೆ ಮೇಷ್ಟ್ರ ಫೈಲು, ನೂರಾ ಎಂಬತ್ತನೇ ಸಾಲು! ಅಳಿಸಿ ಮೂರು ತಿಂಗಳಾಗಿತ್ತು ಕಣ್ರೋ. ಸರ್ವರೆಲ್ಲ ಜಾಲಾಡಿದೆ, ಇಲ್ಲ. ಇಲ್ಲದ ಫೈಲು ಮಾತಾಡುತ್ತಾ?

ಅಳಿಸೋ ಮುಂಚೆ ನಕಲು ತೆಗೆದಿಟ್ಟಿದ್ದ ಹಳೇ ಬ್ಯಾಕಪ್ ಬೀರುವಿನಿಂದ ತೆಗೆದು ಆ ಸಾಲು ನೋಡ್ದೆ. ಡಾಕ್ಟರು ಬರೆದ ಕಣ್ಣು ಒಂದು, ಆಪರೇಷನ್‌ಗೆ ನಮೂದಾದ ಕಣ್ಣು ಇನ್ನೊಂದು ಆದ್ರೆ ಅಲ್ಲೇ ತಡಿ... ಅಷ್ಟೇ ಇದ್ದದ್ದು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ, ಹಾಗೆ ನನ್ನ ಫೈಲು ತೆಗೆದೆ. ಮೇಷ್ಟ್ರ ಕಾಲದಲ್ಲಿ ರೋಗಿಗಳು ತುಂಬ್ತಿದ್ದ ಹಳೇ ಫಾರಂನಲ್ಲಿ ಒಂದು ಅನ್ನೋ ಅಂಕಿ ಅಂದ್ರೆ ಎಡಗಣ್ಣು. ನಾನು ಒಂದು ಅಂದ್ರೆ ಬಲಗಣ್ಣು ಅಂತ ಇಟ್ಟಿದ್ದೆ! ಹಳೇ ಫಾರಂ ತುಂಬಿದವರ ಕಣ್ಣೆಲ್ಲ ಅದಲು ಬದಲು. ಪಕ್ಕದವಳ ಮಾತು ಕೇಳಿದ್ದಿದ್ರೆ, ಚೆನ್ನಾಗಿರೋ ಕಣ್ಣಿಗೇ ಕತ್ತರಿ ಬೀಳ್ತಿತ್ತು... ಗಳಗಳ ಅತ್ತುಬಿಟ್ಟೆ. ಆಮೇಲೆ ಗಟ್ಟಿಯಾಗಿ, 'ಗೀಟು ಹಾಕಿದ್ದು ಸಾಕು ಮೇಷ್ಟ್ರೇ, ತಿದ್ಕೋತೀನಿ' ಅಂದೆ. ಸಾಹೇಬ್ರು ಬೆನ್ನ ಹಿಂದೇ ನಿಂತಿದ್ರು. ಇವಳಿಗೆ ತಲೆ ಕೆಟ್ಟಿದೆ ಅಂದ್ಕೊಂಡು ಎರಡು ದಿನ ರಜೆ ಕೊಟ್ರು!"

ನಾವು ಬಿದ್ದು ಬಿದ್ದು ನಕ್ಕೆವು. "ಹಾಗಾದ್ರೆ ಕೆಲಸ ಉಳೀತು, ದೆವ್ವಾನೂ ಹೋಯ್ತು ಅನ್ನಿ," ಎಂದೆ ನಾನು.

"ಕೆಲಸವೇನೋ ಉಳೀತು..." ದೊಡ್ಡಮ್ಮ ಉಳಿದ ಟೀ ಕುಡಿದು ಮುಗಿಸಿದರು. "ಬ್ಯಾಕಪ್‌ನಲ್ಲಿ ಮೇಷ್ಟ್ರ ಫೈಲು ಇನ್ನೂರ ಹನ್ನೆರಡನೇ ಸಾಲಿಗೆ ಮುಗಿಯುತ್ತೆ, ಎಣಿಸಿದ್ದೀನಿ. ಇವತ್ತು ಬೆಳಿಗ್ಗೆ ನೀನು ಹೊಸ ಕೆಲಸ ಸರ್ವರಿಗೆ ಏರಿಸಿದ್ಯಲ್ಲ ಮರಿ, ಅದರ ಲಾಗ್ ನೋಡ್ದೆ. ತಪ್ಪು ಬಂದಿರೋದು ಅದೇ ಫೈಲಿಂದ... ಸಾವಿರದ ಆರುನೂರನೇ ಸಾಲಿಂದ. ಇಷ್ಟು ವರ್ಷ ಅವರು ಬರೀತಾನೇ ಇದ್ದಾರೆ. ಕರೆಂಟು ಬಂದ ತಕ್ಷಣ ನೋಡು, ನೀನು ಯಾರಿಗೆ ಏನು ಮಾಡೋದ್ರಲ್ಲಿದ್ದೆ ಅಂತ."