ಕಂಬಕ್ಕೆ ಬಂದ ಪೆಟ್ಟಿಗೆ

ಬಲ್ಗೇರಿಯಾದ ನಮ್ಮ ಹಳ್ಳಿಯಲ್ಲಿ ಸತ್ತವರ ಫೋಟೋ ಅಂಟಿಸುವುದು ಬಸ್‌ಸ್ಟಾಪಿನ ಕಂಬಕ್ಕೆ. ಸರ್ಕಾರ ಉಚಿತ ಇಂಟರ್ನೆಟ್ಟಿನ ಪೆಟ್ಟಿಗೆಯನ್ನೂ ಅದಕ್ಕೇ ಹಾಕಿಸಿದೆ. ಸ್ತೋಯ್ನಾ, ರುಸ್ಕಾ ಎಂಬ ಇಬ್ಬರು ಮುದುಕಿಯರು ಅದನ್ನೇ ದುರುಗುಟ್ಟಿ ನೋಡುತ್ತಿದ್ದರು.

"ಪುಕ್ಕಟೆ ಯಾಕೆ ಕೊಡ್ತಾರೆ ಸ್ತೋಯ್ನಕ್ಕಾ?"

"ಕಮ್ಯುನಿಸ್ಟರ ಕಾಲದಲ್ಲಿ ಮನೆಮನೆಗೂ ರೇಡಿಯೋ ಹಾಕಿಸಿರ್ಲಿಲ್ವೇನೇ? ಅದನ್ನ ನಾವು ಕೇಳ್ತಿದ್ವಿ. ಇದು ನಮ್ಮನ್ನ ಕೇಳುತ್ತೆ."

"ಮೆಲ್ಲಗೆ ಮಾತಾಡು! ವರ್ಷಾ ವರ್ಷ ಅಂಟಿಸ್ತೀಯಲ್ಲ ನಿನ್ನ ಗಂಡನ ಫೋಟೋ, ಅದರ ಮೇಲೇ ಕೂರಿಸಿದಾರೆ ನೋಡು."

"ಸರಿಯಾದ ಜಾಗಾನೇ ಬಿಡು. ಬದುಕಿದ್ದಾಗ ಅವನೂ ಊರೋರ ಮಾತೆಲ್ಲ ಕದ್ದು ಕೇಳಿ ಪೊಲೀಸ್ರಿಗೆ ಮುಟ್ಟಿಸ್ತಿದ್ದ."

ರುಸ್ಕಾ ತಿರುಗಿ ನೋಡಿದಳು.

"ಹಾಗಾದ್ರೆ ನಮ್ಮಪ್ಪನ್ನ ಎಳ್ಕೊಂಡು ಹೋದ್ರಲ್ಲ, ಅದು..."

"ಬಸ್ ಬಂತು, ಹತ್ತೇ."

ಒಟ್ಟಿಗೆ ಬಂದಿದ್ದವರು ಬೇರೆ ಬೇರೆ ಸೀಟಿನಲ್ಲಿ ಕೂತು ಹೋದರು.