ಅದು ಆಫ್‌ಸೈಡ್ ಆಗಿರಲಿಲ್ಲ

ಮಾನ್ಯ ಅಧ್ಯಕ್ಷೆ ಶ್ರೀಮತಿ ಟಿಂಡೇಲ್ ಅವರೇ, ನಮ್ಮ ಊಟವನ್ನು ಹರಸಿ ಅದನ್ನು ಎರಡೆರಡು ಸಲ ಬಡಿಸಿಕೊಂಡ ಪೂಜ್ಯ ಪಾದ್ರಿಗಳೇ, ನಮ್ಮನ್ನು ಸೋಲಿಸಿಯೂ ನಮ್ಮ ಅಡುಗೆಮನೆಯ ಮಾಂಸದ ಪೈ ತಿನ್ನುವ ಧೈರ್ಯ ಮಾಡಿ ಇಲ್ಲಿಗೆ ಬಂದಿರುವ ಮಾರ್‌ಹೇವನ್ ಕ್ಲಬ್ಬಿನ ಅತಿಥಿಗಳೇ, ಕಾರ್ಲ್‌ಬೆಕ್ ವೆಲ್ಫೇರ್ ಫುಟ್‌ಬಾಲ್ ಕ್ಲಬ್ಬಿನ ಬೆಂಬಲಿಗರೇ, ಬೆಂಬಲಿಗರನ್ನು ಮದುವೆಯಾಗಿ ಕೆಟ್ಟವರೇ, ಸಭಿಕರೇ,

ಈ ವರ್ಷದ ‘ಪರವೂರ ಪಂದ್ಯಗಳ ಬೆಂಬಲಿಗ’ ಎಂಬ ಫಲಕವನ್ನು ನನಗೆ ಕೊಟ್ಟಿದ್ದೀರಿ. ಇದನ್ನು ಯಾರಿಗೆ ಕೊಡುತ್ತಾರೆ? ಶನಿವಾರ ಶನಿವಾರ ಬಸ್ಸು ಹತ್ತಿ, ಕಾಣದ ಊರಿಗೆ ಹೋಗಿ, ಮಳೆಯಲ್ಲಿ ನಿಂತು, ಸೋತು, ಮತ್ತದೇ ಬಸ್ಸು ಹತ್ತಿ ಬರುವವನಿಗೆ ಕೊಡುತ್ತಾರೆ. ಬೇರೆ ದೇಶಗಳಲ್ಲಿ ಇಂಥವನನ್ನು ವೈದ್ಯರ ಬಳಿ ಕರೆದೊಯ್ಯುತ್ತಾರಂತೆ. ನಾವು ಶಾಲು ಸುತ್ತಿ, ಫಲಕ ಕೊಟ್ಟು, ಭಾಷಣ ಮಾಡು ಎನ್ನುತ್ತೇವೆ.

ಮಾರ್‌ಹೇವನ್ ಪಂದ್ಯದ ಬಗ್ಗೆ ಮಾತ್ರ ಮಾತಾಡಬೇಕು ಎಂದು ಅಧ್ಯಕ್ಷರ ಅಪ್ಪಣೆಯಾಗಿದೆ. “ಎಡ್ವಿನ್, ಆ ಆಫ್‌ಸೈಡ್ ವಿಷಯ ಮಾತ್ರ ಎತ್ತಬೇಡ ಮಾರಾಯಾ, ಜನ ಊಟ ಮಾಡಿದಾರೆ” ಎಂದು ಮೆಟ್ಟಿಲ ಹತ್ತಿರ ನನ್ನ ತೋಳು ಹಿಡಿದು ಹೇಳಿದ್ದಾರೆ. ಖಂಡಿತ ಎತ್ತುವುದಿಲ್ಲ. ಹಿನ್ನೆಲೆ ಇಲ್ಲದೆ ಪಂದ್ಯ ಅರ್ಥವಾಗುವುದಿಲ್ಲ ಎಂಬ ಒಂದೇ ಕಾರಣಕ್ಕೆ ಸ್ವಲ್ಪ ಮುಟ್ಟಿ ಬಿಡುತ್ತೇನೆ.

ನನ್ನ ಅಣ್ಣ ರಿಡ್ಲಿ ನಿಮಗೆಲ್ಲ ಗೊತ್ತು. ಶಾಲೆಯ ಬಸ್ಸು ಓಡಿಸುತ್ತಿದ್ದವನು. ಪ್ರಾಮಾಣಿಕ. ಮನುಷ್ಯನಿಗೆ ಪ್ರಾಮಾಣಿಕತೆ ಎಷ್ಟಿರಬೇಕು? ಅಡುಗೆಗೆ ಉಪ್ಪಿನಷ್ಟು. ನಮ್ಮ ರಿಡ್ಲಿಯಲ್ಲಿ ಅಡುಗೆಯೇ ಇರಲಿಲ್ಲ, ಬರೀ ಉಪ್ಪು. ಹನ್ನೆರಡು ವರ್ಷದ ಹಿಂದೆ, ಲೀಗಿನ ಕೊನೆಯ ಪಂದ್ಯದ ದಿನ, ಗೆರೆಯ ಪಕ್ಕ ಬಾವುಟ ಹಿಡಿದು ಓಡಬೇಕಾದ ಅಧಿಕಾರಿಯ ಕಾರು ಗುಡ್ಡದ ಮೇಲೆ ಕೆಟ್ಟು ನಿಂತಿತು. ನಮ್ಮಂಥ ಸಣ್ಣ ಲೀಗುಗಳಲ್ಲಿ ಆಗ ಏನು ಮಾಡುತ್ತಾರೆ? ಪ್ರೇಕ್ಷಕರಲ್ಲಿ ಕುಡಿಯದೆ ಇರುವ ಒಬ್ಬನನ್ನು ಹುಡುಕಿ ಬಾವುಟ ಕೊಡುತ್ತಾರೆ. ರಿಡ್ಲಿಗೆ ಕೊಟ್ಟರು. ಆ ಪಂದ್ಯ ಗೆದ್ದರೆ ನಾವು ಉಳಿಯುತ್ತೇವೆ, ಇಲ್ಲವಾದರೆ ಕೆಳಗಿನ ದರ್ಜೆಗೆ ಬೀಳುತ್ತೇವೆ. ಕೊನೆಯ ನಿಮಿಷದಲ್ಲಿ ಗೋಲು ಬಿತ್ತು. ಹೊಡೆದವನು ನನ್ನ ಮಗ ನೆವಿಲ್. ಅವನು ಈ ಕ್ಲಬ್ಬಿಗೆ ಹೊಡೆದ ಒಂದೇ ಒಂದು ಗೋಲು. ನಾನು ಬೇಲಿ ಹಾರಿ ಒಳಗೆ ಓಡುತ್ತಿದ್ದೆ. ನೋಡುತ್ತೇನೆ, ಗೆರೆಯ ಮೇಲೆ ಬಾವುಟ ಎದ್ದಿದೆ. ಬಾವುಟದ ಕೆಳಗೆ ನನ್ನ ಅಣ್ಣ.

ಹುಡುಗ ಎದುರಾಳಿಗಳ ಕೊನೆಯ ಆಟಗಾರನನ್ನು ದಾಟಿ ನಿಂತಿದ್ದನಂತೆ. ಆಫ್‌ಸೈಡಂತೆ, ಗೋಲು ಲೆಕ್ಕಕ್ಕಿಲ್ಲವಂತೆ. ನಾವು ಕೆಳಗಿನ ದರ್ಜೆಗೆ ಬಿದ್ದೆವು. ಸ್ವಂತ ಊರಿನ ಮೇಲೆ, ಸ್ವಂತ ತಮ್ಮನ ಮಗನ ಮೇಲೆ!

ಅದು ಆಫ್‌ಸೈಡ್ ಆಗಿರಲಿಲ್ಲ. ಅಧ್ಯಕ್ಷರು ನನ್ನನ್ನು ನೋಡುತ್ತಿದ್ದಾರೆ. ಆಯಿತು, ಮುಟ್ಟಿದೆ, ಬಿಟ್ಟೆ.

ಅಂದಿನಿಂದ ನಾವು ಮಾತು ಬಿಟ್ಟೆವು. ನಾವು ಮಾತು ಬಿಟ್ಟೆವೇ ಹೊರತು ಕ್ಲಬ್ಬನ್ನು ಬಿಡಲಿಲ್ಲ. ಅಷ್ಟು ಹುಚ್ಚು ನಮಗಿಲ್ಲ. ಒಂದೇ ಬಸ್ಸು: ಅವನು ಡ್ರೈವರ್ ಹಿಂದಿನ ಸೀಟು, ನಾನು ಕಟ್ಟಕಡೆಯ ಸೀಟು. ಒಂದೇ ಗೋಲಿನ ಹಿಂದೆ: ಅವನು ಎಡಗಂಬ, ನಾನು ಬಲಗಂಬ. ಇನ್ನು ನಮ್ಮ ಪದ್ಧತಿ ನಿಮಗೆ ಗೊತ್ತೇ ಇದೆ. ದೊಡ್ಡ ಕ್ಲಬ್ಬುಗಳ ಜನ ಕೊಂಡ ಕುರ್ಚಿಯಲ್ಲಿ ಕೂತಲ್ಲೇ ಕೂರುತ್ತಾರೆ. ನಾವು ಅರ್ಧ ಆಟಕ್ಕೆ ಎದ್ದು, ನಮ್ಮವರು ಇನ್ನು ಯಾವ ಗೋಲಿಗೆ ಒದೆಯುತ್ತಾರೋ ಅದರ ಹಿಂದಕ್ಕೆ ಮೈದಾನ ಸುತ್ತಿಕೊಂಡು ಹೋಗುತ್ತೇವೆ. ರಿಡ್ಲಿ ಚಹಾ ಗೂಡಿನ ಕಡೆಯಿಂದ ಹೋಗುತ್ತಿದ್ದ, ನಾನು ಆಟಗಾರರು ಕೂರುವ ಕಡೆಯಿಂದ. “ನೀವಿಬ್ರೂ ಗ್ರಹಗಳ ಥರ ಸುತ್ತಿ ಸುತ್ತಿ ಸಾಯ್ತೀರಿ. ಯಾವತ್ತಾದ್ರೂ ಒಂದಿನ ಡಿಕ್ಕಿ ಹೊಡೀತೀರಿ” ಎನ್ನುತ್ತಿದ್ದಳು ನನ್ನ ಹೆಂಡತಿ ಹಿಲ್ಡಾ. ಗ್ರಹಗಳು ಡಿಕ್ಕಿ ಹೊಡೆಯುವುದಿಲ್ಲ ಎಂದು ನಾನು ವೈಜ್ಞಾನಿಕವಾಗಿ ವಿವರಿಸಿದೆ. ಅವಳಿಗೆ ಮಾರ್‌ಹೇವನ್ ಮೈದಾನ ಗೊತ್ತಿತ್ತೋ ಏನೋ.

ಈಗ ಪಂದ್ಯಕ್ಕೆ ಬಂದೆ. ಕಳೆದ ವರ್ಷ, ಸಣ್ಣ ಕ್ಲಬ್ಬುಗಳ ರಾಷ್ಟ್ರೀಯ ಕಪ್ಪಿನ ಸೆಮಿಫೈನಲ್. ಗೆದ್ದರೆ ಫೈನಲ್, ಅದೂ ವೆಂಬ್ಲಿ ಮೈದಾನದಲ್ಲಿ. ಟಿವಿಯಲ್ಲಿ ಮಾತ್ರ ಕಂಡ ಆ ಹುಲ್ಲಿನ ಮೇಲೆ ಕಾರ್ಲ್‌ಬೆಕ್‌ನ ಗಾರೆ ಕೆಲಸದವರೂ, ಅಂಚೆ ಹಂಚುವವರೂ, ಶಾಲೆ ಮೇಷ್ಟರೂ ಓಡುವುದು. ಊರಿಗೆ ಊರೇ ಬಸ್ಸು ಹತ್ತಿತ್ತು. ಪಾದ್ರಿಗಳು ಒಂದು ಮದುವೆಯನ್ನು ಬೆಳಿಗ್ಗೆ ಎಂಟಕ್ಕೆ ಮುಗಿಸಿದರು. ಮದುಮಗನೂ ನಮ್ಮ ಬಸ್ಸಿನಲ್ಲೇ ಇದ್ದ.

ಮಾರ್‌ಹೇವನ್ ಅತಿಥಿಗಳು ಕ್ಷಮಿಸಬೇಕು, ನಿಮ್ಮ ಮೈದಾನವನ್ನು ಯಾರು ಕಟ್ಟಿದರೋ ಅವರಿಗೆ ಅಣ್ಣತಮ್ಮಂದಿರು ಇರಲಿಲ್ಲ. ಒಂದು ಕಡೆ ರೈಲು ಹಳಿ, ಅದರ ಬೇಲಿ ಗೆರೆಗೇ ಅಂಟಿಕೊಂಡಿದೆ, ಇಲಿ ಕೂಡ ನುಸುಳಲಾರದು. ಮೈದಾನ ಸುತ್ತಲು ಇರುವುದು ಒಂದೇ ದಾರಿ. ಅದೂ ಹೋಗುವವರದೊಂದು ಸಾಲು, ಬರುವವರದೊಂದು ಸಾಲು ಹಿಡಿಸುವಷ್ಟು.

ಅರ್ಧ ಆಟಕ್ಕೆ ನಾವು ಒಂದು ಗೋಲು ಹಿಂದಿದ್ದೆವು. ಮೆರವಣಿಗೆ ಹೊರಟಿತು. ಎದುರಿನಿಂದ ನಿಮ್ಮವರ ಮೆರವಣಿಗೆ.

“ಏನ್ರಪ್ಪಾ ಕಾರ್ಲ್‌ಬೆಕ್, ಬಸ್ಸಲ್ಲಿ ಬಂದ್ರಾ, ಹೆಣದ ಗಾಡೀಲಿ ಬಂದ್ರಾ?”

“ಗಾಡಿ ನಿಮಗೇ ತಂದಿರೋದು ಕಣ್ರೋ, ಅಳತೆ ಕೊಡಿ!”

“ಆ ನಿಮ್ಮ ಗೋಲ್‌ಕೀಪರ್‌ಗೆ ಕನ್ನಡಕ ಕೊಡ್ಸಿ ಮೊದ್ಲು!”

ಹೀಗೆ ಎಲ್ಲರೂ ಸುಖವಾಗಿದ್ದರು. ನನ್ನ ಗ್ರಹಚಾರ ನೋಡಿ: ಪೈ ಕೊಳ್ಳಲು ನಿಂತು ತಡವಾಗಿ ಹೊರಟೆ, ನೋಡಿದರೆ ನನ್ನ ಮುಂದೆ ಇರುವ ಬೆನ್ನು ರಿಡ್ಲಿಯದು. ಅದೇ ಹಳೆಯ ಕಂದು ಕೋಟು. ಒಂದು ಕೈ ಕಟಕಟೆಯ ಕಂಬಿಯ ಮೇಲೆ ಇಟ್ಟುಕೊಂಡು, ಹೆಜ್ಜೆಯ ಮೇಲೆ ಹೆಜ್ಜೆ, ಮೆಲ್ಲಗೆ, ಮೆರವಣಿಗೆಯ ಆನೆಯ ಹಾಗೆ ನಡೆಯುತ್ತಿದ್ದಾನೆ. ಬೇಕೆಂದೇ ಮಾಡುತ್ತಿದ್ದಾನೆ ಎಂದುಕೊಂಡೆ. ದಾಟಿ ಹೋಗಬೇಕಾದರೆ “ಸ್ವಲ್ಪ ಜಾಗ ಬಿಡು” ಎನ್ನಬೇಕು. ಅಂದರೆ ಮಾತಾಡಬೇಕು. ಹನ್ನೊಂದು ವರ್ಷ ಕಾಪಾಡಿಕೊಂಡು ಬಂದ ಆಸ್ತಿಯನ್ನು ಒಂದು ಪೈ ಹಿಡಿದುಕೊಂಡು ಕಳೆಯಲೇ? ಸುಮ್ಮನೆ ಅವನ ಹಿಂದೆ ನಡೆದೆ. ಎರಡನೇ ಅರ್ಧದ ಸೀಟಿ ಕೇಳಿಸಿತು. ನಾವಿನ್ನೂ ನಡೆಯುತ್ತಿದ್ದೆವು. ಇದ್ದಕ್ಕಿದ್ದಂತೆ ನಮ್ಮ ಜನ ಕಿರುಚಿದರು, ಟೋಪಿಗಳು ಹಾರಿದವು.

ಸಭಿಕರೇ, ಕಾರ್ಲ್‌ಬೆಕ್ ವೆಲ್ಫೇರ್ ತನ್ನ ಇತಿಹಾಸದಲ್ಲೇ ಹೊಡೆದ ಅತಿ ಮುಖ್ಯವಾದ ಗೋಲು ಅದು. ನಿಮ್ಮಲ್ಲಿ ಹಲವರು ಅದನ್ನು ಮೊಮ್ಮಕ್ಕಳಿಗೆ ವರ್ಣಿಸುವಿರಿ. ನಾನೂ ವರ್ಣಿಸಬಲ್ಲೆ. ಕಂದು ಬಣ್ಣ. ಹೆಗಲ ಹತ್ತಿರ ಹೊಲಿಗೆ ಬಿಟ್ಟಿದೆ. ಕಾಲರಿನ ಮೇಲೆ ಸ್ವಲ್ಪ ತಲೆಹೊಟ್ಟು.

ಒಂದು ಒಂದರಲ್ಲಿ ಆಟ ಮುಗಿಯಿತು. ಇನ್ನು ಪೆನಾಲ್ಟಿ ಒದೆತಗಳು. ನಾವು ಬಿಟ್ಟು ಬಂದ ಆಚೆ ತುದಿಯ ಗೋಲಿಗೇ ಒದೆಯಬೇಕು ಎಂದು ರೆಫರಿ ಕೈ ತೋರಿಸಿದ. ನಮ್ಮ ಜನ ಬಿದ್ದು ಎದ್ದು ಆ ಕಡೆ ಓಡಿದರು. ನಾನೂ ಹೊರಟೆ. ತಿರುಗಿ ನೋಡುತ್ತೇನೆ, ಖಾಲಿಯಾದ ಮೆಟ್ಟಿಲುಗಳ ಮೇಲೆ ರಿಡ್ಲಿ ಒಬ್ಬನೇ ನಿಂತಿದ್ದಾನೆ. ಕೈ ಕಂಬಿಯ ಮೇಲೆ. ಮುಖ ಮೈದಾನದ ಕಡೆ ಇದೆ, ಆದರೆ ಯಾವ ಕಡೆಗೂ ಇಲ್ಲ.

ನಾನು ಯಾಕೆ ನಿಂತೆ? ಬೂಟಿನ ಲಾಡಿ ಬಿಚ್ಚಿತ್ತು. ಹಾಗೆಂದು ಹಿಲ್ಡಾಗೆ ಹೇಳಿದ್ದೇನೆ, ನಿಮಗೂ ಹಾಗೇ ಹೇಳುತ್ತೇನೆ.

“ಹುಡುಗಾ,” ಎಂದ. ನಮ್ಮ ಕಡೆ ತಮ್ಮನಿಗೆ ಕೂದಲು ಉದುರಿ ಹಲ್ಲು ಕಟ್ಟಿಸಿದರೂ ಅವನು ಹುಡುಗನೇ. “ಈಗ ಯಾರು ಒದೀತಿರೋದು?”

“ಕಾಣಲ್ವಾ?”

“ಕಂಡಿದ್ರೆ ನಿನ್ನನ್ನ ಕೇಳ್ತಿದ್ನಾ?”

“ಯಾವಾಗಿಂದ?”

“ಆಟ ನಡೀತಿದೆ. ಅದನ್ನ ಹೇಳು ಮೊದ್ಲು.”

ಹೇಳಿದೆ. ಮೈದಾನದ ಉದ್ದಕ್ಕೂ ದಿಟ್ಟಿಸಿ, ಕಂಡಷ್ಟು ಹೇಳಿದೆ. “ನಮ್ಮ ಬಾರ್ಕರ್ ಬಂದ. ಚೆಂಡು ಇಟ್ಟ. ಎಡಗಡೆ ನೋಡ್ತಿದಾನೆ.” “ಹಾಗಾದ್ರೆ ಬಲಗಡೆ ಒದೀತಾನೆ, ಅವನಪ್ಪನೂ ಹಂಗೇನೇ” ಎಂದ ರಿಡ್ಲಿ. ಬಲಗಡೆಯೇ ಒದ್ದ. ಗೋಲು. ನಾನು ಹೇಳುವುದು, ಅವನು ಬೈಯುವುದು. “ಬರೀ ಗೋಲು ಅಂದ್ರೆ ಹೆಂಗೋ? ಮೇಲೆ ಹೋಯ್ತಾ ಕೆಳಗೆ ಹೋಯ್ತಾ? ಬಾಯಿ ತುಂಬ ಹೇಳು, ಕಾಸು ಕೊಡ್ಬೇಕಾ?”

ಕೊನೆಯದು ನಮ್ಮ ಗಾರೆ ಕೆಲಸದ ಡಾಬ್ಸನ್‌ನದು. ಅವನು ತಪ್ಪಿದರೆ ಮುಗಿಯಿತು. “ಹಿಂದಕ್ಕೆ ಹೋದ. ನಿಂತ. ಓಡಿ ಬರ್ತಿದಾನೆ,” ಎಂದೆ. ಅಷ್ಟೇ ಎಂದೆ. ಮಾರ್‌ಹೇವನ್ ಜನರ ಕೇಕೆ ಸಮುದ್ರದವರೆಗೂ ಹೋಯಿತು. ರಿಡ್ಲಿಯ ಕಿವಿಗೆ ಏನೂ ಆಗಿರಲಿಲ್ಲ, ಅವನಿಗೆ ತಿಳಿದೇ ಇತ್ತು. ಆದರೂ ಕಾಯುತ್ತಿದ್ದ.

“ಯಾಕೋ ಸುಮ್ಮನಾದೆ?”

“ಮೇಲೆ ಹೋಯ್ತು. ಗೋಲಿನ ಮೇಲೆ. ಗಾಳಿ ಎತ್ಕೊಂಡು ಹೋಯ್ತು.”

“ಹೂಂ,” ಎಂದ. “ಡಾಬ್ಸನ್ ಏನ್ಮಾಡ್ತಿದಾನೆ?”

“ಕೂತಿದಾನೆ. ಹುಲ್ಲಿನ ಮೇಲೆ.”

“ಯಾರಾದ್ರೂ ಹತ್ರ ಹೋದ್ರಾ?”

“ಅವರ ಗೋಲ್‌ಕೀಪರ್ ಹೋದ.”

“ಒಳ್ಳೇದು,” ಎಂದ ನನ್ನ ಅಣ್ಣ.

ಆ ಗೋಲ್‌ಕೀಪರ್ ಇವತ್ತು ಮೂರನೇ ಮೇಜಿನಲ್ಲಿ ಕೂತಿದ್ದಾನೆ. ಮಗೂ, ನಿನಗೆ ಒಳ್ಳೆಯದಾಗಲಿ. ನೀನು ತಡೆದ ಇನ್ನೊಂದು ಒದೆತವನ್ನು ಮಾತ್ರ ನಾನು ಕ್ಷಮಿಸಿಲ್ಲ.

ಬಸ್ಸಿಗೆ ಅವನ ತೋಳು ಹಿಡಿದುಕೊಂಡೇ ಬಂದೆ. ಡ್ರೈವರ್ ಹಿಂದಿನ ಸೀಟಿನಲ್ಲಿ ಅವನು ಕೂತು, ಪಕ್ಕಕ್ಕೆ ಸರಿದ. ಕೂತೆ. ಬಸ್ಸಿನಲ್ಲಿ ಸಾವಿನ ಮನೆಯ ಮೌನ. ಮದುಮಗ ಅಳುತ್ತಿದ್ದ. ರಿಡ್ಲಿಗೆ ಕಣ್ಣಿನ ನಡುಮಧ್ಯದಲ್ಲೇ ಮಸುಕಂತೆ. ಅಂಚಿನಲ್ಲಷ್ಟೇ ಕಾಣುತ್ತದಂತೆ. ಔಷಧವಿಲ್ಲವಂತೆ. ಹಾಗಾದರೆ ಇಷ್ಟು ದಿನ ಪರವೂರಿಗೆ ಯಾಕೆ ಬರುತ್ತಿದ್ದೆ, ಏನು ನೋಡುತ್ತಿದ್ದೆ ಎಂದೆ. “ಹಸಿರು,” ಎಂದ. “ನಿಮ್ಮೆಲ್ಲರ ಗಲಾಟೆ. ನಿನ್ನ ಧ್ವನಿ ಬಲಗಡೆಯಿಂದ ಬರ್ತಿತ್ತು. ನೀನು ರೆಫರೀನ ಬೈದ್ರೆ ನಮ್ಮವರು ಸೋಲ್ತಿದಾರೆ, ಸುಮ್ಮನಿದ್ರೆ ಗೆಲ್ತಿದಾರೆ. ಅಷ್ಟು ಸಾಕಾಗ್ತಿತ್ತು.”

ಗಮನಿಸಿ, ಸಭಿಕರೇ. ಆ ಕ್ಷಣದಲ್ಲಿ ನನ್ನ ಕೈಗೆ ಏನು ಸಿಕ್ಕಿತ್ತು? ಹನ್ನೊಂದು ವರ್ಷದ ವ್ಯಾಜ್ಯಕ್ಕೆ ಬ್ರಹ್ಮಾಸ್ತ್ರ. ಬಾವುಟ ಹಿಡಿದವನಿಗೆ ಕಣ್ಣೇ ಕಾಣದು! ಯಾವ ನ್ಯಾಯಾಲಯವಾದರೂ ನನಗೇ ಗೆಲುವು ಕೊಡುತ್ತಿತ್ತು. ಬಾಯಿಗೆ ಬಂದಿತ್ತು. “ಹಾಗಾದ್ರೆ ಆವತ್ತು...” ಎಂದೆ.

“ಆವತ್ತು ಹದ್ದಿನ ಕಣ್ಣು ಕಣೋ. ನಿನ್ನ ಮಗನ ಎಡಗಾಲು ಒಂದು ಗೇಣು ಮುಂದಿತ್ತು.”

“ಇರ್ಲಿಲ್ಲ.”

“ಇತ್ತು.”

“ಗೇಣಾ? ನಿನ್ನ ಗೇಣಾ, ನನ್ನ ಗೇಣಾ?”

“ಅಳತೆಕೋಲು ಹಿಡಿದು ಹುಟ್ಟಿದವನ ಥರ ವಾದ ಮಾಡ್ಬೇಡ. ಇತ್ತು ಅಂದ್ರೆ ಇತ್ತು.”

ಕಾರ್ಲ್‌ಬೆಕ್ ಬರುವ ತನಕ ಇದೇ. ಕೊನೆಗೆ ಡ್ರೈವರ್ ಕನ್ನಡಿಯಲ್ಲಿ ನೋಡಿ, “ಅಜ್ಜಂದಿರಾ, ಊರೆಲ್ಲ ಸೂತಕದಲ್ಲಿದೆ, ನೀವಿಬ್ರು ಮಾತ್ರ ಜಾತ್ರೆ ಮಾಡ್ತಿದೀರಲ್ಲ” ಎಂದ. ವೆಂಬ್ಲಿ ಕಳೆದುಕೊಂಡ ಸಂಜೆ ಆ ಬಸ್ಸಿನಲ್ಲಿ ನಕ್ಕ ಪಾಪಿಗಳು ನಾವಿಬ್ಬರೇ. ಊರಿನ ಕ್ಷಮೆ ಕೇಳುತ್ತೇನೆ.

ಆಮೇಲಿನದು ನಿಮ್ಮ ಕಣ್ಣೆದುರಿಗೇ ನಡೆದದ್ದು. ಎಡಗಂಬದ ಹತ್ತಿರ ನಾವಿಬ್ಬರೂ ನಿಂತೆವು. ನಾನು ಆಟ ಹೇಳಿದೆ, ಅವನು ತಿದ್ದಿದ. ಕಾಣದವನು ಕಾಣುವವನನ್ನು ತಿದ್ದುವುದನ್ನು ನೀವು ನೋಡಿ ನಕ್ಕಿದ್ದೀರಿ. ಪ್ರತಿ ಶನಿವಾರ ಬಸ್ಸಿನಲ್ಲಿ ಒಂದು ಸಲ ಆ ಎಡಗಾಲಿನ ಮಾತು ಬರುತ್ತಿತ್ತು. ಒಂದು ಗೇಣಿದ್ದದ್ದು ಚಳಿಗಾಲದ ಹೊತ್ತಿಗೆ ಒಂದು ಮೊಳ ಆಗಿತ್ತು. ಜನವರಿಯಲ್ಲಿ, ಮಂಜು ಬಿದ್ದು ಪಂದ್ಯ ರದ್ದಾದ ಒಂದು ಶನಿವಾರ, ರಿಡ್ಲಿ ಕುರ್ಚಿಯಲ್ಲಿ ಕೂತಲ್ಲೇ ಹೋದ. ಮೂರು ಗಂಟೆಗೆ. ಆಟ ಶುರುವಾಗುವ ಹೊತ್ತು. ಹೇಳಲು ಆಟವೇ ಇರಲಿಲ್ಲ, ಹಾಗಾಗಿ ನಾನು ಹತ್ತಿರ ಇರಲಿಲ್ಲ.

ಜನವರಿಯ ನಂತರವೂ ನಾನು ಬಸ್ಸು ತಪ್ಪಿಸಿಲ್ಲ. ಅದಕ್ಕಾಗಿ ಈ ಫಲಕ ಎಂದರು ಕಾರ್ಯದರ್ಶಿಗಳು. ವಂದನೆ. ಆದರೆ ನನ್ನದೊಂದು ದೂರಿದೆ.

ಮಣ್ಣು ಮುಗಿಸಿ ಬಂದ ದಿನದಿಂದ ನೀವೆಲ್ಲ ನನ್ನ ಜೊತೆ ವಿಪರೀತ ಸಜ್ಜನಿಕೆಯಿಂದ ನಡೆದುಕೊಳ್ಳುತ್ತಿದ್ದೀರಿ. ನಾನು “ಅದು ಆಫ್‌ಸೈಡ್ ಅಲ್ಲ” ಎಂದರೆ, “ಅಲ್ಲವೇ ಅಲ್ಲ ಎಡ್ವಿನ್” ಎನ್ನುತ್ತೀರಿ. ಹನ್ನೊಂದು ವರ್ಷ ರಿಡ್ಲಿಯ ಪರ ಇದ್ದವರೂ ಎನ್ನುತ್ತೀರಿ. ಪಾದ್ರಿಗಳು, ಸತ್ಯ ಹೇಳುವುದೇ ಉದ್ಯೋಗವಾದವರು, ಅವರೂ ನನ್ನ ಕೈ ತಟ್ಟಿ, “ಖಂಡಿತ ಅಲ್ಲ” ಎಂದರು. ನೆವಿಲ್‌ನನ್ನು ಕೇಳಿದೆ. “ನೀನು ಹೇಳಿದ ಹಾಗೇ ಅಪ್ಪಾ” ಎಂದ. ಎದುರಾಳಿ ಬಾರದೆ ಗೆದ್ದ ಪಂದ್ಯಕ್ಕೆ ಯಾರಾದರೂ ಟೋಪಿ ಹಾರಿಸುತ್ತಾರೆಯೇ? ಕಳೆದ ಶನಿವಾರ ಬಸ್ಸಿನಲ್ಲಿ ನಾನೇ “ಇತ್ತು” ಎಂದು ನೋಡಿದೆ, ನಾನೇ “ಇರಲಿಲ್ಲ” ಎಂದೆ. ಎರಡೂ ನನ್ನ ಧ್ವನಿಯೇ. ಸರಿಹೋಗಲಿಲ್ಲ.

ಆದ್ದರಿಂದ, ಫಲಕ ಕೊಟ್ಟ ಸಂಘಕ್ಕೆ, ಪೈ ಮಾಡಿದ ಮಹಿಳೆಯರಿಗೆ, ಇಷ್ಟು ಹೊತ್ತು ಗಡಿಯಾರ ನೋಡಿಯೂ ನೋಡದಂತೆ ಇದ್ದ ಅಧ್ಯಕ್ಷರಿಗೆ ವಂದಿಸುತ್ತಾ, ಸಭೆಯ ಮುಂದೆ ಒಂದು ಬೇಡಿಕೆ ಇಡುತ್ತೇನೆ. ಡ್ರೈವರ್ ಹಿಂದಿನ ಸೀಟಿನಲ್ಲಿ ನನ್ನ ಪಕ್ಕದ ಜಾಗ ಖಾಲಿ ಇದೆ. ನಿಮ್ಮಲ್ಲಿ ಯಾರಾದರೂ ಒಬ್ಬರು, ಪ್ರಾಮಾಣಿಕರೋ ಅಲ್ಲವೋ, ಮುಂದಿನ ಶನಿವಾರ ಅಲ್ಲಿ ಬಂದು ಕೂತು, ನನ್ನ ಮುಖಕ್ಕೇ ಹೇಳಿ, ಆ ಹುಡುಗ ಆಫ್‌ಸೈಡಿನಲ್ಲೇ ಇದ್ದ ಎಂದು.

ನಾನು ಒಪ್ಪುವುದಿಲ್ಲ. ನಮಸ್ಕಾರ.