ಅಪ್ಪನ ಪಾಲಿನ ತಟ್ಟೆ

ಕರಡಿ ಎದುರಾದರೆ ಕೈಕುಲುಕಿ ಕಳಿಸುವ ಗಂಡು ನಾನು. ಆದರೂ ಹೊತ್ತು ಮುಳುಗಿದ ಮೇಲೆ ದೊಡ್ಡಪ್ಪನ ಮಗ ವರ್ಡೆಲ್‌ನ ಮನೆ ಕಡೆ ಹೋಗುವುದಿಲ್ಲ. ಯಾಕೆ ಅಂತೀರಾ... ಹತ್ತಿರ ಬನ್ನಿ.

ಅಮೆರಿಕದ ಮೂಲನಿವಾಸಿಗಳಾದ ನಮ್ಮ ಲಕೋಟ ಜನರ ಕೇರಿಗೆ ಬೇಸಿಗೆಯಲ್ಲಿ ಮೊದಲು ಸೊಳ್ಳೆಗಳು ಬರುತ್ತವೆ, ಹಿಂದೆಯೇ ಪಟ್ಟಣದಿಂದ ಪುಕ್ಕಟೆ ಸೇವೆ ಮಾಡಲು ಬರುವವರ ಬಸ್ಸು. ವರ್ಡೆಲ್‌ಗೆ ಎರಡರ ಮೇಲೂ ನಂಬಿಕೆಯಿಲ್ಲ. ಹೋದ ವರ್ಷದವರು ಬೇಲಿಗೆ ಅರ್ಧ ಬಣ್ಣ ಬಳಿದು, ಫೋಟೋ ಮಾತ್ರ ಪೂರ್ತಿ ಹೊಡೆದುಕೊಂಡು ಹೋಗಿದ್ದರು.

ಈ ಸಲದವರು ಗಾಲಿ ಮೇಲೆ ನಿಂತ ಅವನ ಟ್ರೇಲರ್ ಮನೆಯ ಬಾಗಿಲಿಗೆ ಇಳಿಜಾರು ಹಲಗೆ ಕಟ್ಟುತ್ತಿದ್ದರು, ಗಾಲಿಕುರ್ಚಿಯಲ್ಲಿರುವ ತಾಯಿಗಾಗಿ. ಹೋದ ವರ್ಷ ತೀರಿಕೊಂಡ ಅವನಪ್ಪನ ವರ್ಷದ ಊಟ ಮರುದಿನವೇ, ಕೇರಿಯ ಸಭಾಮನೆಯಲ್ಲಿ. "ಹೆಣದ ಹಾಗೆ ನನ್ನ ಹೊತ್ಕೊಂಡು ಹೋಗ್ಬೇಡಿ" ಎಂದು ಮುದುಕಿಯ ಹಟ. ಹಲಗೆ ಮುಗಿಯದಿದ್ದರೆ ಗಂಡನ ಊಟಕ್ಕೆ ಹೆಂಡತಿಯೇ ಇಲ್ಲ.

ಸಂಜೆ ಅವರು ಅರ್ಧಕ್ಕೇ ಬಿಟ್ಟು ಚರ್ಚಿನಲ್ಲಿ ಮಲಗಲು ಹೊರಟರು.

"ಬೆಳಿಗ್ಗೆ ಬರ್ತೀವಿ."

"ಬಂದ ಹಾಗೇ" ಅಂದ ವರ್ಡೆಲ್.

ರಾತ್ರಿ ವರ್ಡೆಲ್ ಸಭಾಮನೆಯಲ್ಲಿ ನಾಳೆಯ ಊಟದ ಸಾರು ಬೇಯಿಸಿಟ್ಟು, ಹಳ್ಳದ ಪಕ್ಕದ ದೊಡ್ಡ ಮರ ದಾಟಿ ಬರುತ್ತಿದ್ದ. ಸತ್ತವರ ಪಾಲೆಂದು ಸಂಜೆ ಅವನೇ ಆ ಮರದ ಬುಡದಲ್ಲಿ ತಟ್ಟೆ ಇಟ್ಟಿದ್ದ. ಒಣಮಾಂಸ, ಕರಿದ ರೊಟ್ಟಿ.

ಚಪ್... ಚಪ್...

ಯಾರೋ ಬೆನ್ನು ಹಾಕಿ ಕುಕ್ಕರಗಾಲಲ್ಲಿ ಕೂತು ತಿನ್ನುತ್ತಿದ್ದಾನೆ!

"ಯಾರೋ ಅದು?" ಪಿಸುಗುಟ್ಟಿದ.

ಚಪ್.

ಬಸ್ಸಿನವನೇ ಸರಿ. ವರ್ಡೆಲ್‌ಗೆ ರೇಗಿತು. "ನಮ್ಮಪ್ಪನ ಪಾಲಿಗೇ ಕೈ ಹಾಕ್ತೀಯಾ? ಉಂಡಿದ್ದಕ್ಕೆ ಕೆಲಸಾನಾದ್ರೂ ಮುಗ್ಸೋ, ದಂಡಪಿಂಡ!"

ಆಸಾಮಿ ತೊಡೆಗೆ ಕೈ ಒರೆಸಿಕೊಂಡ. ಎದ್ದ. ಮೊಣಕಾಲು 'ಲಟಕ್' ಅಂತು. ತಿರುಗಿ ನೋಡದೆ ಮನೆಯತ್ತ ನಡೆದ.

ವರ್ಡೆಲ್ ಮಲಗಿದ ಮೇಲೂ ಹೊರಗೆ ಸುತ್ತಿಗೆ... ಟಕ್... ಟಕ್... ಟಣ್.

"ಯಾರೋ ಅದು?" ತಾಯಿಯ ಪಿಸುದನಿ.

"ಬಸ್ಸಿನ ಕಳ್ಳ ಕಣಮ್ಮ. ಚೆನ್ನಾಗಿ ಬೈದೆ, ಕೆಲಸ ಮಾಡ್ತಿದಾನೆ."

ಮುದುಕಿ ಆ ಟಕ್ ಟಕ್ ಸದ್ದಿಗೆ ಕಿವಿಗೊಟ್ಟಳು.

"ಜೋರಾಗಿ ಬೈದ್ಯಾ?"

"ಹೂಂ."

"ಪಾಪ" ಅಂದಳು ಮುದುಕಿ.

ಬೆಳಿಗ್ಗೆ ಹಲಗೆ ಪೂರ್ತಿಯಾಗಿತ್ತು. ಬಸ್ಸಿನವರ ಮುಖಂಡ ಕ್ರೇಗ್ ಬಂದು ಕಣ್ಣುಜ್ಜಿಕೊಂಡ. "ನಮ್ಮೋರು ಯಾರೂ ಹೊರಗೆ ಬಂದಿಲ್ಲಪ್ಪಾ. ಬಾಗಿಲಿಗೆ ಅಡ್ಡ ಮಲಗಿದ್ದೋನು ನಾನೇ."

"ಬಿಡು ಬಿಡು, ಸುಳ್ಳು" ಎನ್ನುತ್ತಲೇ ವರ್ಡೆಲ್ ಬಗ್ಗಿ ನೋಡಿದ. ಬಸ್ಸಿನವರ ಅರ್ಧಕ್ಕೆಲ್ಲ ಹೊಳೆಯುವ ಸ್ಕ್ರೂ. ಉಳಿದರ್ಧಕ್ಕೆ ತುಕ್ಕು ಮೊಳೆ... ಒಮ್ಮೆ ಸೊಟ್ಟಗಾಗಿ, ಮತ್ತೆ ಬಡಿದು ನೆಟ್ಟಗೆ ಮಾಡಿದಂಥವು. ಸೊಟ್ಟ ಮೊಳೆಯನ್ನು ಅವನಪ್ಪ ಒಂದು ದಿನವೂ ಎಸೆದವನಲ್ಲ. ಬಡಿದು ನೆಟ್ಟಗೆ ಮಾಡಿ ಕಾಫಿ ಡಬ್ಬದಲ್ಲಿ ತುಂಬಿಡುತ್ತಿದ್ದ.

ಕಿರ್... ಕಿರ್... ಗಾಲಿಕುರ್ಚಿ ಇಳಿಯಿತು. ಮುದುಕಿ ಎಲ್ಲರಿಗಿಂತ ಮೊದಲು ಊಟಕ್ಕೆ ಹೊರಟಳು.

ಮೊಳೆ ತುಂಬಿದ್ದ ಆ ಡಬ್ಬ ಇದ್ದದ್ದು ಅವಳು ಮಲಗುವ ಮಂಚದಡಿ. ಆ ಬೆಳಿಗ್ಗೆ ಅದನ್ನು ಎಳೆದು ಅಲ್ಲಾಡಿಸಿದವನು ನಾನೇ. ನಾನು ಹೇಳಿದ ಉಳಿದ ಮಾತಲ್ಲಿ ಎಷ್ಟು ಬೇಕಾದರೂ ಉಪ್ಪು ಖಾರ ಕಳೆಯಿರಿ, ಇದರಲ್ಲಿ ಬೇಡ... ಡಬ್ಬ ಸದ್ದು ಮಾಡಲಿಲ್ಲ.